ಕತ್ತೆಮರಿ ಮನೆ ಸೇರಿದ್ದು

ನಮ್ಮ ಯಜಮಾನರು ಮಕ್ಕಳಿಗೆಂದು ಬರೆದ ಕತೆಗಳು ಶಾಲೆಯ ಪಾಠದಲ್ಲೂ ಇದ್ದವು. ಓದಿದವರು ಕೃಷ್ಣರಾಜಪುರದ ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು. ಏಳನೇ ತರಗತಿಗೇ ಶಾಲೆ ಬಿಟ್ಟ ನಾನು ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದೆ.

ಯಜಮಾನರು ಕತೆಯ ಕೊನೆಯ ಪುಟವನ್ನು ಮೊದಲೇ ಬರೆಯುತ್ತಿರಲಿಲ್ಲ. ಹಿತ್ತಲಿನ ಬಾಡಿಗೆ ರೂಮುಗಳ ಮುಂದೆ ಕೂತು, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳಿಗೆ ಅದನ್ನು ಬಾಯಲ್ಲಿ ಹೇಳುತ್ತಿದ್ದರು. ಒಂದು ಮಗು ಆಕಳಿಸಿದರೂ ಕೊನೆ ಬದಲಾಗುತ್ತಿತ್ತು. ಯಾರೂ ಆಕಳಿಸದ ಮೇಲೇ ಬರೆಯುವುದು.

ಸ್ಟೇಷನ್ ಹತ್ತಿರ ತೂಗುಸೇತುವೆ ಕಟ್ಟುತ್ತಿದ್ದಾಗ ಅವರು ತೀರಿಕೊಂಡರು. ಮೇಜಿನ ಮೇಲೊಂದು ಕತೆ ಉಳಿದಿತ್ತು. ಹಲಸೂರಿನ ಮಡಿವಾಳರ ಕತ್ತೆಮರಿ ಗೂಡ್ಸ್ ಗಾಡಿ ಹತ್ತಿ, ನಮ್ಮ ಸ್ಟೇಷನ್ನಿನಲ್ಲಿ ಒಂಟಿಯಾಗಿ ಇಳಿಯುತ್ತದೆ. ಅಲ್ಲಿಗೇ ನಿಂತಿತ್ತು.

ತಿಥಿ ಮುಗಿದ ಮೇಲೆ ರಿಚರ್ಡ್ಸ್ ಟೌನಿನಿಂದ ಪ್ರಕಾಶಕರು ಬಂದರು.

"ಅಮ್ಮಾ, ಪುಸ್ತಕ ಪ್ರೆಸ್ಸಿಗೆ ಹೋಗ್ಬೇಕು. ಒಂದು ಪುಟ ತಾನೇ? ತಾಯಿ ಕತ್ತೆ ಬಂದು ಕರ್ಕೊಂಡು ಹೋಯ್ತು ಅಂತ ಯಾರ ಕೈಲಾದ್ರೂ ಬರೆಸ್ಬಿಡ್ತೀನಿ. ಸಾರ್ ಬರೆದಿದ್ದೇ ಎಲ್ಲಾದ್ರೂ ಸಿಗುತ್ತಾ ನೋಡಿ, ಸೋಮವಾರದವರೆಗೂ ಕಾಯ್ತೀನಿ."

ಯಜಮಾನರ ಹೆಸರಿನ ಕೆಳಗೆ ಬೇರೆಯವರ ಮಾತು. ಬೇಡ ಎನ್ನಲು ನನ್ನ ಹತ್ತಿರ ಏನಿತ್ತು?

ಮಕ್ಕಳಿಗೆ ಈ ಕತೆಯ ಕೊನೆಯನ್ನೂ ಹೇಳಿದ್ದರೇನೋ ಎಂದು ಭಾನುವಾರ ಹಿತ್ತಲಿಗೆ ಹೋದೆ. ಮಕ್ಕಳೆಲ್ಲ ಬೇಸಿಗೆ ರಜೆಗೆ ಊರಿಗೆ ಹೋಗಿದ್ದರು. ಒಬ್ಬ ಹುಡುಗಿಯ ತಾಯಿ ರೊಟ್ಟಿ ಬಡಿಯುತ್ತಿದ್ದಳು. ವಿಷಯ ಹೇಳಿದೆ.

"ಅಷ್ಟ ಏನ್ರೀ? ನಾನೂ ಕೇಳೀನಲ್ರೀ. ಅಜ್ಜಾರು ಕತಿ ಚಾಲೂ ಮಾಡಿದ್ರಂದ್ರ ನನ್ನ ರೊಟ್ಟಿ ಹೊತ್ತಿದ್ವು ಅಂತ ತಿಳಕೋರಿ" ಎಂದು ನಕ್ಕಳು. "ತಾಯಿ ಬರತದ ಅಂದಾಗ ನನ್ನ ಮಗಳು ಆಕಳಿಸಿದ್ಲು. ಮರುದಿನ ಬ್ಯಾರೆ ಹೇಳಿದ್ರು. ತಾಯಿ ಬರಂಗಿಲ್ಲ. ಮಡಿವಾಳರು ಸೋಡಾ ಹಾಕಿ ಕುದಿಸಿದ ಬಟ್ಟಿ ವಾಸನಿ ಹಿಡಕೊಂಡು ಮರಿ ತಾನ ಮನಿಗಿ ನಡಕೋತ ಹೋಗ್ತದ. ಅವತ್ತ ಒಬ್ಬರೂ ಆಕಳಿಸಲಿಲ್ರೀ."

ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಸೋಡಾ ಹಾಕಿ ಕುದಿಸಿದ ಬಟ್ಟೆಯ ವಾಸನೆ ಎಷ್ಟು ದೂರಕ್ಕೆ ಬರುತ್ತದೆ ಎಂದು ಯಜಮಾನರು ನನ್ನನ್ನು ಕೇಳಿದ್ದರು. "ಒಗೆಯೋ ವಿಚಾರ ನಿಮಗ್ಯಾಕ್ರೀ?" ಎಂದುಬಿಟ್ಟಿದ್ದೆ. ಅವಳ ಬಾಗಿಲಲ್ಲೇ ಕುಳಿತುಬಿಟ್ಟೆ.

ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ನನ್ನದೊಂದು ಮಾತೂ ಸೇರಬಾರದೆಂದು ಎರಡು ಸಲ ಓದಿ ಕೇಳಿಸಿದೆ.

ಸೋಮವಾರ ಪ್ರಕಾಶಕರು ನಿಂತೇ ಓದಿದರು.

"ಇದು ಸಾರ್‌ದೇ, ಅಮ್ಮಾ. ಎಲ್ಲಿ ಸಿಕ್ತು?"

"ಹಿತ್ತಲಲ್ಲಿ" ಎಂದೆ.

ಅವರು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಯಜಮಾನರು ತೀರಿಕೊಂಡ ಮೇಲೆ ಅಂದೇ ಮೊದಲ ಸಲ ನಾನು ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದೆ.