ಕೊಡಲಿ ಹಿಡಿದ ಅಕ್ಕೋರು

ಆರಿಸಿಕೊಳ್ಳುವ ಕೆಲಸ ಎದುರಾದರೆ ನನಗೆ ನಿದ್ದೆ ಬರುತ್ತದೆ. ಸೀರೆ ಅಂಗಡಿಯಲ್ಲಿ ಮೂರನೆಯ ಸೀರೆ ಬಿಚ್ಚುವ ಹೊತ್ತಿಗೆ, ಮೊದಲನೆಯದನ್ನೇ ಕಟ್ಟಿಕೊಡಿ ಮಾರಾಯರೇ ಎಂದು ಎದ್ದುಬಿಡುವವಳು ನಾನು. ನೋಡಿದವರು ವೈರಾಗ್ಯ ಎಂದುಕೊಳ್ಳುತ್ತಾರೆ. ವೈರಾಗ್ಯವೂ ಅಲ್ಲ, ಮಣ್ಣೂ ಅಲ್ಲ, ಬರೀ ಸುಸ್ತು. ಹೊನ್ನಾವರದ ಮನೆಯಿಂದ ಶಿರಾಲಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗಿ, ಹಾಗೆಯೇ ನಿಂತು ಬರುವವಳಿಗೆ ಒಂದರೊಡನೆ ಇನ್ನೊಂದನ್ನು ತೂಗಿ ನೋಡುವ ತ್ರಾಣ ಎಲ್ಲಿಂದ ಬರಬೇಕು?

ಅಂಥವಳ ಮುಂದೆ ಒಂದು ಭಾನುವಾರ ಮಧ್ಯಾಹ್ನ ನನ್ನ ಮೈದುನ ಪ್ರಸಾದ ಕೂತು, "ಅತ್ತಿಗೇ, ನೀವು ಎಂತ ಆಗ್ತ್ರಿ?" ಎಂದು ಕೇಳಿದ.

ನಲವತ್ತು ದಾಟಿದ ಹೆಂಗಸನ್ನು ಯಾರೂ ಹೀಗೆ ಕೇಳುವುದಿಲ್ಲ. ಶಾಲೆಯಲ್ಲಿ ಅಕ್ಕೋರಾಗಿ ನಾನೇ ಮಕ್ಕಳಿಗೆ ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳಿ, ಡಾಕ್ಟರು, ಪೊಲೀಸು, ಡ್ರೈವರು ಎಂಬ ಉತ್ತರ ಪಡೆದು ಮುಂದಿನ ಪಾಠಕ್ಕೆ ಹೋಗುತ್ತೇನೆ. ನನ್ನದು ಆಗಿ ಮುಗಿದಿದೆ ಎಂಬ ಧೈರ್ಯದ ಮೇಲೆ ತಾನೇ ಆ ಪ್ರಶ್ನೆ ಕೇಳುವುದು!

ಕೊಂಕಣ ರೈಲು ಬಂದು, ಅದರ ಹೊಸತನ ಇನ್ನೂ ಆರದಿದ್ದ ವರ್ಷಗಳ ಮಾತು ಇದು. ಪ್ರಸಾದ ನಮ್ಮ ಜೊತೆಗೇ ಇದ್ದ, ಕುಮಟೆಯಲ್ಲಿ ಟೀವಿ ರಿಪೇರಿ ಮಾಡುತ್ತಿದ್ದ. ಕಾಲೇಜಿನಲ್ಲಿ ಅವನ ಜೊತೆ ಓದಿದ ಮುಜಮ್ಮಿಲನಿಗೆ ಭಟ್ಕಳದಲ್ಲಿ ಬಟ್ಟೆ ಅಂಗಡಿ. ಅಣ್ಣನನ್ನು ನೋಡಲು ದುಬೈಗೆ ಹೋದವನು ಎಲ್ಲರೂ ತರುವ ಸೆಂಟು, ಟಾರ್ಚು ಬಿಟ್ಟು ಒಂದು ಆಟದ ಪೆಟ್ಟಿಗೆ ತಂದಿದ್ದ. ಹಲವು ಮುಖಗಳ ದಾಳಗಳು, ಒಂದು ದಪ್ಪ ನಿಯಮದ ಪುಸ್ತಕ, ಅಷ್ಟೇ. ಹಾಸೂ ಇಲ್ಲ, ಕಾಯಿಯೂ ಇಲ್ಲ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತಾಡುತ್ತಾರೆ. ಏಟು ತಾಗಿತೋ ಇಲ್ಲವೋ ದಾಳ ಹೇಳುತ್ತದೆ. ಆಡುವ ಮೊದಲು ಪ್ರತಿಯೊಬ್ಬರೂ ಒಂದು ಕಸುಬು ಆರಿಸಿಕೊಳ್ಳಬೇಕು: ಯೋಧ, ಮಾಂತ್ರಿಕ, ಕಳ್ಳ, ಇಲ್ಲವೇ ಗಾಯ ವಾಸಿ ಮಾಡುವ ಪುರೋಹಿತ. ಪುರೋಹಿತ ಗಾಯ ವಾಸಿ ಮಾಡುವುದು ಯಾವ ಸೀಮೆಯಲ್ಲೋ ಕಾಣೆ. ನಮ್ಮಲ್ಲಿ ಅವರು ತೀರ್ಥ ಕೊಡುತ್ತಾರೆ, ಮುಂದಿನದನ್ನು ಆಸ್ಪತ್ರೆ ನೋಡಿಕೊಳ್ಳುತ್ತದೆ.

ಹೊಸಬನಿಗೆ ಆಯ್ಕೆ ಕೊಡುವುದೇ ನಮಗೆ ವಿಚಿತ್ರ. ಯಕ್ಷಗಾನದ ಮೇಳ ಸೇರಿದ ಹುಡುಗನನ್ನು, ನೀನು ರಾಜನಾಗುತ್ತೀಯೋ ರಾಕ್ಷಸನಾಗುತ್ತೀಯೋ ಎಂದು ಯಾರಾದರೂ ಕೇಳುತ್ತಾರೆಯೇ? ಮೊದಲು ಕೋಡಂಗಿ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗ ಕುಣಿದು ಒಳಗೆ ಹೋಗಬೇಕು. ವರ್ಷಗಟ್ಟಲೆ ಕುಣಿದ ಮೇಲೆ, ಮೈಕಟ್ಟು ನೋಡಿ, ಗಂಟಲು ನೋಡಿ, ಭಾಗವತರು ಇವನಿಗೆ ಇಂಥ ವೇಷ ಎನ್ನುತ್ತಾರೆ. ಮನೆಯಲ್ಲೂ ಅದೇ ಕ್ರಮ. ನಾನು ಹಿರಿಸೊಸೆಯಾಗಿ ಈ ಮನೆಗೆ ಬಂದ ದಿನವೇ ನನ್ನ ವೇಷ ನಿಶ್ಚಯವಾಗಿತ್ತು. ಅತ್ತೆಯ ಬಿಪಿ ಮಾತ್ರೆ, ಮಾವನ ಕಾಲಿನ ಹುಣ್ಣಿನ ಪಟ್ಟಿ, ಮೈದುನನ ಜ್ವರದ ಕಷಾಯ, ಮಾವ ತೀರಿದ ಮೇಲೆ ಅತ್ತೆಯ ಇನ್ಸುಲಿನ್ ಸೂಜಿ, ಒಂದರ ಹಿಂದೊಂದು ನನ್ನ ಕೈಗೆ ಬಂದವು. ಯಾರೂ ಹೇರಲಿಲ್ಲ, ಯಾರೂ ಕೇಳಲೂ ಇಲ್ಲ.

ಹಾಗಾಗಿ ಪ್ರಸಾದ ಕೇಳಿದ್ದಕ್ಕೆ ನಾನು ಬಾಯಿ ತೆರೆಯುವ ಮೊದಲೇ ನಮ್ಮನೆಯವರು, "ಅವಳೆಂತ ಆಗುದು? ಗಾಯ ವಾಸಿ ಮಾಡುವವಳು. ಬೇರೆ ಯಾರಿಗೆ ಬತ್ತದೆ ಅದು?" ಎಂದರು. ಹೊಗಳಿಕೆಯ ದನಿಯಲ್ಲೇ ಹೇಳಿದರು, ಪಾಪ.

ನನಗೆ ಅಳು ಬಂದಂತಾಯಿತು. ಭಾನುವಾರದ ಎರಡು ಗಂಟೆ, ಅದೂ ಸುಳ್ಳು ಕಥೆಯೊಳಗೆ, ಅಲ್ಲೂ ನಾನೇ ಇವರ ಪಟ್ಟಿ ಕಟ್ಟಬೇಕೆ? ಬೇರೆ ಏನಾದರೂ ಆಗಬೇಕು ಎಂಬ ಆಸೆ ಇತ್ತೆಂದಲ್ಲ. ಇದೊಂದು ಆಗಬಾರದು ಎಂಬುದಷ್ಟೇ ಗೊತ್ತಿತ್ತು. "ನಾನು ಯೋಧ," ಎಂದೆ. ಯಾವ ಆಯುಧ ಎಂದು ಕಥೆ ಹೇಳಲು ಬಂದು ಕೂತಿದ್ದ ಮುಜಮ್ಮಿಲ ಕೇಳಿದ. "ಕೊಡಲಿ," ಎಂದೆ.

"ಅಕ್ಕೋರೆ, ವಾಸಿ ಮಾಡುವವರು ಇಲ್ದಿದ್ರೆ ತಂಡ ಬಾಳುದಿಲ್ಲ," ಎಂದು ಮುಜಮ್ಮಿಲ ಮೆಲ್ಲಗೆ ಎಚ್ಚರಿಸಿದ. ನಾನು ಕೊಡಲಿ ಕೆಳಗಿಡಲಿಲ್ಲ. ಪ್ರಸಾದ ಕಳ್ಳನಾದ. ನಮ್ಮನೆಯವರು ಮಾಂತ್ರಿಕರಾದರು. ಮಾಂತ್ರಿಕನಿಗೆ ಮಾತು ಹೆಚ್ಚು ಎಂದು ಅವರ ಅಂದಾಜು.

ನಮ್ಮನೆಯವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ವಾದಿಸಿ ಗೆಲ್ಲಬೇಕು. ಕಥೆಯೊಳಗಿನ ಗುಹೆಯ ಬಾಗಿಲಿಗೆ ಒಬ್ಬ ಕುಳ್ಳ ರಾಕ್ಷಸ ಅಡ್ಡ ನಿಂತಾಗ ಇವರು ಕಾಲು ಮಡಚಿ, ಹೆಗಲ ಟವೆಲು ಸರಿಮಾಡಿಕೊಂಡು, ತಮ್ಮ ವಂಶ, ಗುರುಪರಂಪರೆ, ಮಂತ್ರಸಿದ್ಧಿಯ ಬಗೆ, ಕ್ಷುದ್ರರೊಡನೆ ಕಾದಾಡಲು ತಮಗಿರುವ ಸಂಕೋಚ, ಎಲ್ಲವನ್ನೂ ವಿವರಿಸಿದರು. ದಾಳ ಹಾಕಿ ಎಂದರೆ, "ವಾದದಲ್ಲಿ ಅವ ಆಗಲೇ ಸೋತಿದ್ದಾನಲ್ಲ" ಎಂದರು. ಮುಜಮ್ಮಿಲ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. ಕೊನೆಗೆ ಆ ರಾಕ್ಷಸನಿಗೂ ಬೇಸರ ಬಂದಿರಬೇಕು, ಹೊಡೆದೇಬಿಟ್ಟ. ಮಾಂತ್ರಿಕರು ಬಿದ್ದರು. ಹಿಂದಿನಿಂದ ನುಸುಳಲು ಹೋದ ಕಳ್ಳನೂ ಬಿದ್ದ. ಇಬ್ಬರೂ ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು.

"ನನ್ನ ಹತ್ರ ಕೊಡಲಿ ಒಂದೇ ಇರುವುದು," ಎಂದೆ. ಅಷ್ಟು ಸುಖವಾದ ಮಾತನ್ನು ನಾನು ಆ ಮನೆಯಲ್ಲಿ ಅದುವರೆಗೆ ಆಡಿರಲಿಲ್ಲ.

ಮುಂದಿನ ಭಾನುವಾರ ಆಟ ಮೊದಲಿನಿಂದ ಶುರುವಾಯಿತು. ಪ್ರಸಾದ ಕಳ್ಳತನ ಬಿಡಲೊಲ್ಲ. ಹಾಗಾಗಿ ಬೇರೆ ದಾರಿಯಿಲ್ಲದೆ, ಮುಖ ಊದಿಸಿಕೊಂಡು, ನಮ್ಮನೆಯವರು ಪುರೋಹಿತರಾದರು. ಆ ಕಸುಬಿನವನು ಪ್ರತಿ ಸುತ್ತಿನಲ್ಲೂ ಯಾರಿಗೆ ಎಷ್ಟು ಪೆಟ್ಟಾಗಿದೆ ಎಂದು ಕೇಳಿ, ನೋಡಿ, ಮಂತ್ರ ಹಾಕಬೇಕು. ಪೆಟ್ಟಿನ ಲೆಕ್ಕ ಅವರವರ ಕಾಗದದಲ್ಲೇ ಇರುತ್ತದೆ. ಇವರು ಪ್ರಸಾದನನ್ನು ಕೇಳಿದರು. ಅವನು ಸತ್ತೇಹೋದವನಂತೆ ನರಳಿ, ಗೀರು ಗಾಯಕ್ಕೂ ಮಂತ್ರ ಹಾಕಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ಎಷ್ಟು ಪೆಟ್ಟಾತು?" ಎಂದರು.

"ಎಂತ ಇಲ್ಲ," ಎಂದೆ.

ನಮ್ಮ ಕಡೆಯ ಹೆಂಗಸರಿಗೆ ಈ ಉತ್ತರ ಮೊಲೆಹಾಲಿನ ಜೊತೆ ಬಂದಿರುತ್ತದೆ. ಕೈ ಸುಟ್ಟರೂ ಎಂತ ಇಲ್ಲ, ಸೊಂಟ ಹಿಡಿದರೂ ಎಂತ ಇಲ್ಲ. ಕುಮಟೆಯ ನನ್ನ ದೊಡ್ಡಮ್ಮ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡ ದಿನ, ಎಂತ ಇಲ್ಲ ಎಂದು ಎಡಗೈಯಲ್ಲಿ ಮನೆಮಂದಿಗೆಲ್ಲ ದೋಸೆ ಹೊಯ್ದಿದ್ದಳು. ದೋಸೆ ಯಾಕೆ ದುಂಡಗಿಲ್ಲ ಎಂದು ದೊಡ್ಡಪ್ಪ ಕೇಳಿದ್ದರಂತೆ.

ಹೀಗೆ ಮೂರು ಸುತ್ತು ಅವರು ಕೇಳಿದರು, ಮೂರು ಸುತ್ತೂ ನಾನು ಎಂತ ಇಲ್ಲ ಎಂದೆ. ಕಾಗದದ ಮೇಲೆ ನನ್ನ ಪ್ರಾಣ ತಳ ಕಂಡಿತ್ತು. ಅದು ನನಗೆ ಗೊತ್ತಿತ್ತು ಕೂಡ. ಆದರೂ ನಾಲಿಗೆ ಹೊರಳಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಯಾವುದೋ ಯಃಕಶ್ಚಿತ್ ಹೆಗ್ಗಣ ಕಚ್ಚಿತು, ಕೊಡಲಿ ಹಿಡಿದ ಯೋಧ ದೊಪ್ಪನೆ ಬಿದ್ದು ಸತ್ತ.

ನಮ್ಮನೆಯವರು ಗಾಬರಿಯಾಗಿದ್ದರು. "ಕೇಳ್ದೆ ಅಲ್ಲವೇನೆ ನಾನು? ಎಂತ ಇಲ್ಲ ಅಂದೆ ನೀನು," ಎಂದರು. ದನಿಯಲ್ಲಿ ಸಿಟ್ಟಿತ್ತು, ಅದರ ಅಡಿಯಲ್ಲಿ ಹೆದರಿಕೆಯೂ ಇತ್ತು. ಮುಜಮ್ಮಿಲ ದಾಳ ಎತ್ತಿಕೊಳ್ಳುತ್ತ, "ಅಕ್ಕೋರೆ, ನೀವು ಹೇಳ್ದೆ ಇದ್ರೆ ಅವರಿಗೆ ಹೆಂಗೆ ಗೊತ್ತಾಗ್ತದೆ?" ಎಂದ.

ಇಷ್ಟು ವರ್ಷ ಇವರು ಯಾಕೆ ಕೇಳುವುದಿಲ್ಲ ಎಂದು ಒಳಗೊಳಗೇ ಕುದಿದಿದ್ದೆ. ಕೇಳಿದರೆ ಹೇಳಲು ನನಗೇ ಬರುವುದಿಲ್ಲ ಎಂದು ತಿಳಿಯಲು ಒಂದು ಹೆಗ್ಗಣ ಬೇಕಾಯಿತು. ನೋಡಿಕೊಳ್ಳುವವಳ ವೇಷ ಬೇಡವೆಂದು ಕೊಡಲಿ ಎತ್ತಿಕೊಂಡರೆ ಸಾಲದು, ಇನ್ನೊಬ್ಬರು ನೋಡಿಕೊಳ್ಳಲು ಬಿಡುವುದನ್ನೂ ಕಲಿಯಬೇಕಂತೆ. ಅದಕ್ಕೆ ಯಾವ ಶಾಲೆಯಲ್ಲಿ ಅಕ್ಕೋರು ಇದ್ದಾರೋ.

ಮರುದಿನ ಸೋಮವಾರ. ಶಿರಾಲಿಯಿಂದ ನಿಂತೇ ಬಂದು ಜಗಲಿಯ ಮೇಲೆ ಕೂತೆ. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, "ಎಂತ, ಸುಸ್ತಾ?" ಎಂದರು. ಎಂತ ಇಲ್ಲ ಎಂಬುದು ತುಟಿಯವರೆಗೆ ಬಂತು. ನುಂಗಿಕೊಂಡೆ. "ಹೌದು. ಮೊಣಕಾಲು ನೋಯ್ತದೆ. ನಂಗೆ ಈಗ ಏಳುಕಾಗುದಿಲ್ಲ," ಎಂದೆ.

ಅವರು ಪೇಪರು ಇಳಿಸಿ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು ಅಡಿಗೆಮನೆಗೆ ಹೋದರು. ಒಲೆ ಹೊತ್ತಿದ ಸದ್ದು, ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದ ಸದ್ದು, ಕೆಳಗೆ ಏನೋ ಬಿದ್ದ ಸದ್ದು.

"ಚಾಪುಡಿ ಎಲ್ಲದೆ?" ಎಂದು ಒಳಗಿನಿಂದ ಕೂಗಿದರು.

ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹುಡುಕಲಿ ಎಂದು ಕಾಲು ನೀಡಿ ಕೂತೆ.