ಶುಂಠಿ ಬಿಸ್ಕೀಟಿನ ಮನೆಯ ಕೆಂಪು ಕಿಟಕಿ

ಮನೆಗೆ ಬೆಳಕಿರಬೇಕು ಅಂದಿದ್ದಳೋ, ಕಿಟಕಿಗಳಿರಬೇಕು ಅಂದಿದ್ದಳೋ, ಈಗ ಸರಿಯಾಗಿ ನೆನಪಿಲ್ಲ. ಗಡಹಿಂಗ್ಲಜದ ತನ್ನ ಹೊಸ ಮನೆಯ ಮೆಟ್ಟಿಲ ಮೇಲೆ ನಿಂತು ತಂಗಿ ಸುಜಾತಾ ಹೇಳಿದ ಮಾತು. ಗೆಳೆಯರೇ, ಇವತ್ತು ಆ ಮನೆ ಇಚಲಕರಂಜಿಯ ನಮ್ಮ ಅಡುಗೆಮನೆಗೇ ಬಂದು ಕುಳಿತಿತು. ಬೆಲ್ಲ, ಒಣಶುಂಠಿ ಹಾಕಿ ಬಿಸ್ಕೀಟಿನ ಗೋಡೆಗಳನ್ನು ಬೇಯಿಸಿ, ಸಕ್ಕರೆ ಪಾಕದಿಂದ ಅಂಟಿಸಿ, ಮಗಳು ಶ್ರೇಯಾ ತನ್ನ ಮೌಶಿ ಸುಜಾತಾಳ ಮನೆ ಕಟ್ಟಿದ್ದಳು. ಬಾಲ್ಕನಿ ಸಹಿತ.

"ನಮ್ಮನಿ ಮಾಡಬಾರದಿತ್ತೇನ?" ಎಂದೆ.

"ನಮ್ಮನ್ಯಾಗ ಏನೈತಿ ಮಮ್ಮಿ? ಮುಂದ ಒಂದು ಶಟರ್. ದೊಡ್ಡದೊಂದು ಚಾಕಲೇಟ್ ನಿಲ್ಲಿಸಿದ್ರ ಮುಗೀತು."

ನಕ್ಕೆ. ಶಟರಿನ ಒಳಗೆ ನಮ್ಮ ಮಗ್ಗಗಳು ಸದ್ದು ಮಾಡುತ್ತಲೇ ಇದ್ದವು.

ಲಿಂಬು ಪೆಪ್ಪರಮಿಂಟು ಕರಗಿಸಿ ಕಿಟಕಿಗಳಿಗೆ ಹಳದಿ ಗಾಜು ಹಾಕಿದ್ದಳು. ಮೇಲಿನದೊಂದು ಮಾತ್ರ ಕೆಂಪು.

"ಇದ್ಯಾಕ ಬ್ಯಾರೆ?"

"ಅದು ನನ್ನ ಖೋಲಿ."

ಇಲ್ಲಿ ಅವಳಿಗೆ ಬೇರೆ ಕೋಣೆಯಿಲ್ಲ; ಹಾಲ್‌ನಲ್ಲಿ, ಟಿವಿಯ ಮುಂದೆ ಮಲಗುತ್ತಾಳೆ.

"ರುಚಿ ನೋಡೂಣು" ಎಂದು ಕೈ ಹಾಕಿದೆ. ಮುರಿದು ಬಂದದ್ದು ಆ ಕೆಂಪು ಕಿಟಕಿಯೇ.

"ಮಮ್ಮೀ! ಹಿಂದಿನ ಗ್ವಾಡಿ ಇತ್ತಲ್ಲ, ಅದನ್ನ ಮುರೀಬಾರದಿತ್ತೇನ?"

ಕೈ ತಪ್ಪಿತು ಎಂದೆ. ತಪ್ಪಿರಲಿಲ್ಲ. ಶುಂಠಿಯ ಹದವೇನೋ ಚೆನ್ನಾಗಿತ್ತು. ಗಾಜಿನ ಚೂರು ಮಾತ್ರ ಇದನ್ನು ಬರೆಯುವಾಗಲೂ ಹಲ್ಲಿಗೆ ಅಂಟಿಕೊಂಡೇ ಇದೆ.

ಸುಜಾತಾ, ಆ ಖೋಲಿ ನೀನಾಗೇ ಕೊಟ್ಟಿಯೋ, ಇಲ್ಲಾ ಶ್ರೇಯಾನೇ ಕೇಳಿದಳೋ?