ದಾಕ್ಷಿಣ್ಯದ ಎಣ್ಣೆ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಉಡುಪಿಯ ಒಂದು ಪುಟ್ಟ ಸಮೀಕ್ಷಾ ಕಚೇರಿಯಲ್ಲಿ ಕೆಲಸಕ್ಕಿದ್ದೆ. ರಿಫೈಂಡ್ ಎಣ್ಣೆಯ ಕಂಪೆನಿಯೊಂದು, ತನ್ನ ಎಣ್ಣೆ ಹೃದಯಕ್ಕೆ ಒಳ್ಳೆಯದೆಂದು ತೋರಿಸಿಕೊಡಲು, ನಮ್ಮ ಅಧ್ಯಯನಕ್ಕೆ ದುಡ್ಡು ಕೊಟ್ಟಿತ್ತು. ತೆಂಗಿನೆಣ್ಣೆ ಬಿಟ್ಟು ಇದನ್ನೇ ಬಳಸಿ ಎಂದು ಕಾಪುವಿನ ಮನೆಮನೆಗೆ ಡಬ್ಬ ಹೊತ್ತುಕೊಂಡು ಹೋಗುವುದು, ಹೇಗಿದೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಎಲ್ಲರೂ "ಲಾಯ್ಕ ಉಂಟು" ಎನ್ನುತ್ತಿದ್ದರು. ನಾನು ಉಬ್ಬಿಹೋಗಿದ್ದೆ. ಕಂಪೆನಿ ನಮಗೂ ಪುಕ್ಕಟೆ ಕೊಡುತ್ತಿದ್ದ ಡಬ್ಬಗಳನ್ನು ಹಿರಿಯಡ್ಕದ ಮನೆಗೆ ಒಯ್ದು, ಅಮ್ಮನ ತೆಂಗಿನೆಣ್ಣೆಯ ಭರಣಿಯನ್ನು ಅಟ್ಟಕ್ಕೇರಿಸಿದ್ದೆ. ಅಂದಿನಿಂದ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ. ವಯಸ್ಸಾಯಿತಲ್ಲ, ಅದಕ್ಕೇ ಎಂದು ನಾನೇ ತೀರ್ಮಾನಿಸಿದ್ದೆ.

ಒಮ್ಮೆ ಮನೆಗಳಿಗೆ ಹಂಚುವ ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಿತ್ತು. ಅದರ ಕೊನೆಯ ಸಾಲಿಗೆ ನಿಘಂಟು ತಡಕಾಡಿ "ನಮಗೆ ಹಿತಾಸಕ್ತಿ ಸಂಘರ್ಷವಿಲ್ಲ" ಎಂದು ಬರೆದೆ. ಕಾಪುವಿನ ಬ್ಯಾರಿ ಅಕ್ಕ ಒಬ್ಬರು, ಪೆನ್ನು ಹಿಡಿದವರನ್ನೆಲ್ಲ ಟೀಚರ್ ಎನ್ನುವವರು, ಅದನ್ನೋದಿ ಹುಬ್ಬುಗಂಟಿಕ್ಕಿದರು.

"ಇದೆಂತ ಟೀಚರೇ, ಕೋರ್ಟಿನ ವಿಷಯವಾ?"

"ಹಾಗಲ್ಲ ಅಕ್ಕ. ಒಬ್ಬರಿಂದ ಏನಾದರೂ ತೆಗೆದುಕೊಂಡರೆ ಅವರದ್ದು ಸರಿ ಇಲ್ಲ ಅಂತ ಹೇಳಲಿಕ್ಕೆ ಬಾಯಿ ಬರುವುದಿಲ್ಲ ಅಲ್ವಾ, ಅದು."

"ಓ, ದಾಕ್ಷಿಣ್ಯ! ಹಾಗೆ ಹೇಳಿ ಮಾರಾಯ್ರೆ. ಅದು ನಮಗೂ ಉಂಟು."

ನಗುತ್ತಾ ನನ್ನನ್ನು ಅಡುಗೆಮನೆಗೆ ಕರೆದೊಯ್ದರು. ನಾನು ತಂದ ಡಬ್ಬಗಳು ಮುಚ್ಚಳ ಬಿಚ್ಚದೆ ಸಾಲಾಗಿ ಕುಳಿತಿದ್ದವು. ಕಾವಲಿಯ ಮೇಲೆ ಬಂಗುಡೆ ಮೀನು ಅಪ್ಪಟ ತೆಂಗಿನೆಣ್ಣೆಯಲ್ಲಿ ಚುಂಯ್‌ಗುಡುತ್ತಿತ್ತು.

"ಬಿಸಿಲಲ್ಲಿ ಹೊತ್ತುಕೊಂಡು ಬರ್ತೀರಿ. ಬೇಡ ಅಂತ ಹೇಗೆ ಹೇಳುವುದು? ಆಚೀಚೆ ಮನೆಯವರದ್ದೂ ಇದೇ ಕತೆ."

ಕಚೇರಿಗೆ ಓಡಿ ಬಂದು ಯಜಮಾನರಿಗೆ ಹೇಳಿದೆ. ಅವರು ಕಂಪೆನಿ ಕೊಟ್ಟ ಹೊಸ ಫ್ಯಾನಿನ ಕೆಳಗೆ ತಣ್ಣಗೆ ಕುಳಿತಿದ್ದರು.

"ಇದನ್ನೆಲ್ಲ ವರದಿಯಲ್ಲಿ ಹಾಕಿದರೆ ಅವರಿಗೆ ಬೇಸರ ಆಗ್ತದೆ ಮಾರಾಯ್ತಿ. ಪಾಪ, ನಮಗೆ ಎಷ್ಟು ಮಾಡಿದ್ದಾರೆ!"

ನನಗೆ ಮೈಯೆಲ್ಲ ಉರಿದುಹೋಯಿತು. ವರದಿಯೇನೋ "ಲಾಯ್ಕ ಉಂಟು" ಎಂದೇ ಹೋಯಿತು.

ಆ ಶನಿವಾರ ಗಾಣದ ತೆಂಗಿನೆಣ್ಣೆ ಕೊಂಡು ಹಿರಿಯಡ್ಕದ ಬಸ್ಸು ಹತ್ತಿದೆ. "ಯಾವ ಎಣ್ಣೆ ಒಳ್ಳೆಯದು ಅಂತ ನಮಗೆ ಗೊತ್ತೇ ಇಲ್ಲಮ್ಮ. ನಿನಗೆ ಬೇಕಾದ್ದು ಹಾಕು" ಎಂದೆ. ಅಮ್ಮ ಅದರಲ್ಲೇ ಬಸಳೆ ಸಾರಿಗೆ ಒಗ್ಗರಣೆ ಕೊಟ್ಟಳು. ಎಷ್ಟೋ ಕಾಲದ ಮೇಲೆ ಎರಡನೆಯ ಸಲ ಅನ್ನ ಬಡಿಸಿಕೊಂಡಳು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು.

"ಕದ್ದಾದರೂ ಹಾಕಿಕೊಳ್ಳಬಾರದಿತ್ತಾ? ಕಾಪುವಿನಲ್ಲಿ ಎಲ್ಲರೂ ಹಾಗೇ ಮಾಡಿದ್ದು!"

"ನೀನು ಹೇಳಿದ್ದಲ್ವಾ ಮಗಾ" ಎಂದಳು.

ನನಗೆ ಗೊತ್ತಿದ್ದಂತೆ ಆ ಎಣ್ಣೆಯನ್ನು ಒಂದು ದಿನವೂ ತಪ್ಪದೆ ತಿಂದವಳು ಅವಳೊಬ್ಬಳೇ. ಅಧ್ಯಯನದಲ್ಲಿ ಅವಳು ಇರಲೇ ಇಲ್ಲ.